ಕಡಲಿಲ್ಲದ ಕೊಡಗಿನಲ್ಲಿ ಹಡಗು ಹುಡುಕೋಣ: ಮಕ್ಕಳಿಗೆ ನಿಧಿಬೇಟೆ ನಡೆಸುವ ಬಗೆ

ಕೊಡಗಿಗೆ ಕಡಲಿಲ್ಲ, ಬಂದರಿಲ್ಲ. ಆದರೂ ಹಡಗು ಕಟ್ಟಿದ ಕತೆಯನ್ನು ಮಕ್ಕಳಿಗೆ ಹೇಳಬೇಕೆಂದಾಗ ನಾನು ಅವರನ್ನು ಮೊದಲು ಕರೆದೊಯ್ಯುವುದು ತೋಟದ ಅಂಚಿನ ತೇಗದ ಬುಡಕ್ಕೆ. ಕಬ್ಬಿಣದ ಹಡಗುಗಳು ಬರುವ ಮುಂಚೆ ಹಡಗು ಎಂದರೆ ಮರ. ಮರ ಬೆಳೆಯುತ್ತಿದ್ದದ್ದು ನಮ್ಮಂಥ ಘಟ್ಟದ ನಾಡುಗಳಲ್ಲಿ. ಕಡಿದವರು, ಎಳೆದವರು, ಹೊಳೆಗೆ ತಳ್ಳಿದವರು ಎಲ್ಲರೂ ಮಲೆಯವರು. ಬಂದರಿನಲ್ಲಿ ನಡೆಯುತ್ತಿದ್ದದ್ದು ಆ ಕೆಲಸದ ಕೊನೆಯ ಭಾಗ.

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ಅಕ್ಕನ ಮಕ್ಕಳು, ಪಕ್ಕದ ಮನೆಯವರು ಸೇರಿ ಒಂಬತ್ತು ಮಕ್ಕಳಿಗೆ ಈ ಆಟ ಆಡಿಸಿದೆ. ಒಂದು ದಿನದ ಆಟ. ತಯಾರಿಗೆ ಎರಡು ವಾರ ಬೇಕಾಯಿತು. ಶಾಲೆಯವರು, ಹೋಂಸ್ಟೇ ನಡೆಸುವವರು, ಮನೆಗೆ ನೆಂಟರ ಮಕ್ಕಳು ಬರುವವರು ಯಾರು ಬೇಕಾದರೂ ಮಾಡಬಹುದು. ನಾನು ಮಾಡಿದ ಕ್ರಮವನ್ನೇ ಹೇಳುತ್ತೇನೆ.

ಮೊದಲು ನಿಧಿ ಯಾವುದೆಂದು ಗೊತ್ತುಮಾಡಿಕೊಳ್ಳಿ

ಚಾಕೊಲೇಟ್ ತುಂಬಿದ ಡಬ್ಬ ಹೂತಿಟ್ಟರೆ ಮಕ್ಕಳು ಸುಳಿವನ್ನು ಓದದೆ ಡಬ್ಬದ ಹಿಂದೆ ಓಡುತ್ತಾರೆ. ಇಲ್ಲಿ ನಿಧಿ ಒಂದು ಪುಟ್ಟ ದೋಣಿ. ಅದು ಬಿಡಿಬಿಡಿಯಾಗಿ ಸಿಗುತ್ತದೆ. ಪ್ರತಿ ನಿಲ್ದಾಣದಲ್ಲೂ ಒಂದು ಭಾಗ. ಎಲ್ಲವೂ ಕೂಡಿದ ಮೇಲೆ ಅದನ್ನು ಕೆರೆಯಲ್ಲಿ ತೇಲಿಸಬೇಕು. ಒಂದು ನಿಲ್ದಾಣ ತಪ್ಪಿದರೂ ದೋಣಿ ಪೂರ್ತಿಯಾಗುವುದಿಲ್ಲ.

ಹತ್ತಿರದ ಆಚಾರಿಯ ಹತ್ತಿರ ಹೋಗಿ ಸಿಲ್ವರ್ ಓಕಿನ ತುಂಡಿನಲ್ಲಿ ಒಂದೂವರೆ ಅಡಿ ಉದ್ದದ ಪಾತಿಯಂಥ ಒಡಲನ್ನು ಕೊರೆಸಿಕೊಳ್ಳಿ. ಒಂದೇ ದಿಮ್ಮಿಯನ್ನು ತೋಡಿ ಮಾಡುವ ದೋಣಿಗೆ ಕರಾವಳಿಯಲ್ಲಿ ಪಾತಿ ಎನ್ನುತ್ತಾರೆ. ಸಿಲ್ವರ್ ಓಕ್ ಕೆತ್ತಲು ಸುಲಭ, ತೋಟದಲ್ಲಿ ಹೇರಳ, ಹಗುರ. ಒಡಲಿನ ತಳದಲ್ಲಿ ಕಿರುಬೆರಳು ಹೋಗುವಷ್ಟು ಒಂದು ತೂತು ಕೊರೆಸಿ. ಅದು ಯಾಕೆಂದು ಮುಂದೆ ಹೇಳುತ್ತೇನೆ. ಕೂರುವ ಹಲಗೆ ಎರಡು, ನಡುವೆ ನಿಲ್ಲಿಸುವ ಕಂಬ ಒಂದು, ಹಿಂಬದಿಗೆ ಚುಕ್ಕಾಣಿ, ಹಾಯಿ ಕಟ್ಟಲು ಬಿದಿರಿನ ಅಡ್ಡಗೋಲು, ಹತ್ತಿಬಟ್ಟೆಯ ಹಾಯಿ, ಒಂದು ಮಾರು ತೆಂಗಿನ ಹುರಿ. ಹಡಗಿನ ಕಂಬಕ್ಕೆ ಕನ್ನಡದಲ್ಲಿ ಕೂವೆಮರ ಎಂಬ ಒಳ್ಳೆಯ ಹಳೆಯ ಮಾತಿದೆ. ಮಕ್ಕಳಿಗೆ ಆ ಮಾತನ್ನೇ ಕಲಿಸಿ. ಒಂಬತ್ತು ಮಕ್ಕಳಿದ್ದರೆ ಮೂರು ತಂಡ, ಮೂರು ದೋಣಿ. ಆಚಾರಿಗೆ ಹತ್ತು ದಿನ ಮುಂಚೆ ಹೇಳದಿದ್ದರೆ ಕೊನೆಗಳಿಗೆಯಲ್ಲಿ ನಾನು ಪಟ್ಟ ಪಾಡು ನಿಮಗೂ ತಪ್ಪದು. ಕಾಫಿ ಕುಯ್ಲಿನ ಕಾಲದಲ್ಲಿ ಕೆಲಸದವರು ಸಿಗುವುದೇ ಕಷ್ಟ.

ಹೇಳುವ ಕತೆ ಸರಿಯಾಗಿರಲಿ

ಮಕ್ಕಳಿಗೆ ಸುಳಿವು ಕೊಡುವ ಮುಂಚೆ ದೊಡ್ಡವರಿಗೆ ಕತೆ ಗೊತ್ತಿರಬೇಕು. ಅದು ಹೀಗಿದೆ.

ಇಂಗ್ಲೆಂಡಿನಲ್ಲಿ ಹಡಗಿಗೆ ಓಕ್ ಮರ ಬಳಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಹೊಸ್ತಿಲಲ್ಲಿ ಅಲ್ಲಿ ಒಳ್ಳೆಯ ಓಕ್ ಸಾಲದಾಯಿತು. ಕಂಪನಿ ಸರ್ಕಾರದ ಕಣ್ಣು ಮಲಬಾರಿನ ತೇಗದ ಮೇಲೆ ಬಿತ್ತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಮಲಬಾರು ಮತ್ತು ತಿರುವಾಂಕೂರಿನ ಕಾಡುಗಳಿಗೆ ಸಂರಕ್ಷಣಾಧಿಕಾರಿಯಾಗಿ ನೇಮಿಸಿದರು. ಹೆಸರು ಸಂರಕ್ಷಣೆ, ಕೆಲಸ ನೌಕಾಪಡೆಗೆ ಮರ ಒದಗಿಸುವುದು. ತೇಗದ ಮೇಲಿನ ಆ ಸರ್ಕಾರಿ ಏಕಸ್ವಾಮ್ಯವನ್ನು ಜನರ ವಿರೋಧದಿಂದ 1823ರಲ್ಲಿ ಕೈಬಿಡಬೇಕಾಯಿತು. ಕಡಿದು ಮುಗಿಸಿದ್ದರ ಪರಿಣಾಮವಾಗಿಯೇ 1840ರ ದಶಕದಲ್ಲಿ ಕಲೆಕ್ಟರ್ ಕೊನೊಲಿ ನಿಲಂಬೂರಿನಲ್ಲಿ ತೇಗದ ನೆಡುತೋಪು ಮಾಡಿಸಿದ.

ಮಲಬಾರಿನ ತೇಗ ಬೊಂಬಾಯಿಗೆ ಹೋಗುತ್ತಿತ್ತು. ಅಲ್ಲಿನ ಹಡಗುಕಟ್ಟೆಯಲ್ಲಿ ವಾಡಿಯಾ ಎಂಬ ಪಾರಸಿ ಮನೆತನದವರು ತಲೆಮಾರುಗಳಿಂದ ಹಡಗು ಕಟ್ಟುತ್ತಿದ್ದರು. 1817ರ ಅಕ್ಟೋಬರ್ 12ರಂದು ಅವರು ನೀರಿಗಿಳಿಸಿದ ‘ಟ್ರಿಂಕೋಮಲೀ’ ಎಂಬ ಯುದ್ಧನೌಕೆ ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ನೀರಿನ ಮೇಲೆ ನಿಂತಿದೆ. ಇನ್ನೂರು ವರ್ಷ ದಾಟಿದ ಮಲಬಾರು ತೇಗ! ಇದೇ ಹಡಗುಕಟ್ಟೆಯಲ್ಲಿ 1813ರಲ್ಲಿ ಕಟ್ಟಿದ ‘ಕಾರ್ನ್‌ವಾಲಿಸ್’ ಹಡಗಿನ ಮೇಲೆಯೇ 1842ರಲ್ಲಿ ಚೀನಾದೊಡನೆ ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು.

ಒಂದು ಎಚ್ಚರಿಕೆ. ‘ನಮ್ಮ ತೋಟದ ಮರವೇ ಆ ಹಡಗಾಯಿತು’ ಎಂದು ಮಕ್ಕಳ ಮುಂದೆ ಹೇಳಿಬಿಡುವ ಆಸೆ ಬರುತ್ತದೆ. ಹೇಳಬೇಡಿ. ಆ ಕಾಲಕ್ಕೆ ಕೊಡಗು ಇನ್ನೂ ಹಾಲೇರಿ ಅರಸರ ಕೈಯಲ್ಲಿತ್ತು. ಕಂಪನಿ ಅದನ್ನು ಕಿತ್ತುಕೊಂಡದ್ದು 1834ರಲ್ಲಿ. ಟ್ರಿಂಕೋಮಲೀ ಮಲಬಾರಿನ ತೇಗದ್ದು, ಅದೇ ಜಾತಿಯ ಮರ ನಮ್ಮಲ್ಲೂ ಬೆಳೆಯುತ್ತದೆ ಎಂದರೆ ಸಾಕು. ಕೊಡಗಿನ ಹೆಸರು ನೇರವಾಗಿ ಹಡಗಿಗೆ ಅಂಟಿಕೊಂಡಿರುವುದು ಇನ್ನೊಂದು ಮರದಿಂದ. ಅದು ಮೂರನೆಯ ನಿಲ್ದಾಣ.

ಸುಳಿವುಗಳನ್ನು ಒಗಟಾಗಿ ಬರೆಯಿರಿ

‘ಉತ್ತರಕ್ಕೆ ಇಪ್ಪತ್ತು ಹೆಜ್ಜೆ’ ಎಂಬಂಥ ಸುಳಿವು ಕಾಲಿಗೆ ಮಾತ್ರ ಕೆಲಸ ಕೊಡುತ್ತದೆ. ಒಗಟು ಬರೆದರೆ ಮಕ್ಕಳು ಮರವನ್ನು ಮುಟ್ಟಿ, ಮೂಸಿ, ಎಲೆ ತಿರುವಿ ನೋಡುತ್ತಾರೆ. ಗಟ್ಟಿ ಕಾಗದದಲ್ಲಿ ಬರೆದು ಪ್ಲಾಸ್ಟಿಕ್ ಬದಲು ಮೇಣ ಸವರಿಡಿ. ಡಿಸೆಂಬರಿನ ಇಬ್ಬನಿಗೆ ನನ್ನ ಮೊದಲ ಚೀಟಿಗಳೆಲ್ಲ ಶಾಯಿ ಕದಡಿ ಹಾಳಾದವು. ಮರಕ್ಕೆ ಮೊಳೆ ಹೊಡೆಯಬೇಡಿ, ಬಾಳೆನಾರಿನಲ್ಲಿ ಕಟ್ಟಿ. ಮೊಬೈಲ್ ನಂಬಿ ಸುಳಿವು ಕಳುಹಿಸುವ ಯೋಚನೆ ಬೇಡ. ನಮ್ಮ ಕಣಿವೆಗಳಲ್ಲಿ ನೆಟ್‌ವರ್ಕ್ ಯಾವಾಗ ಕೈಕೊಡುತ್ತದೋ ಹೇಳಲಾಗದು.

ಮೊದಲ ನಿಲ್ದಾಣ, ತೇಗ. ಒಗಟು: ‘ಚಿಗುರು ಉಜ್ಜಿದರೆ ಅಂಗೈ ಕೆಂಪು, ಎಲೆ ಸವರಿದರೆ ಬೆಕ್ಕಿನ ನಾಲಿಗೆ, ನೆಲದಲ್ಲಿದ್ದರೆ ನೆರಳು, ನೀರಲ್ಲಿದ್ದರೆ ಮನೆ.’ ತೇಗದ ಎಳೆಯ ಎಲೆಯನ್ನು ಅಂಗೈಯಲ್ಲಿ ಉಜ್ಜಿದರೆ ರಕ್ತದಂಥ ಬಣ್ಣ ಬಿಡುತ್ತದೆ. ಒಬ್ಬರು ಉಜ್ಜಿದ್ದೇ ತಡ, ಎಲ್ಲರ ಕೈಯೂ ಕೆಂಪು. ಡಿಸೆಂಬರಿನ ಹೊತ್ತಿಗೆ ಎಳೆ ಎಲೆ ಕಡಿಮೆ. ಬುಡದ ಕವಲಿನಲ್ಲಿ ಹುಡುಕಿ ಒಂದೆರಡನ್ನು ಮೊದಲೇ ನೋಡಿಟ್ಟುಕೊಳ್ಳಿ. ಇಲ್ಲಿ ದೋಣಿಯ ಒಡಲನ್ನು ಕೊಡಿ, ಜೊತೆಗೆ ಎರಡು ವಿಷಯ ಹೇಳಿ. ಓಕ್ ಮರದ ಒಗರು ಕಬ್ಬಿಣದ ಮೊಳೆಯನ್ನು ತಿಂದುಹಾಕುತ್ತದೆ, ತೇಗದಲ್ಲಿರುವ ಎಣ್ಣೆ ಮೊಳೆಯನ್ನು ಕಾಯುತ್ತದೆ. ಕಡಲಲ್ಲಿ ಹಲಗೆಯನ್ನು ಜಾಲರಿಯಂತೆ ಕೊರೆಯುವ ಹುಳು ಇದೆ (ನಿಜಕ್ಕೂ ಅದು ಹುಳುವಲ್ಲ, ಚಿಪ್ಪಿನ ಜಾತಿಯ ಜೀವಿ). ತೇಗ ಅದಕ್ಕೆ ಸುಲಭವಾಗಿ ಸೋಲುವುದಿಲ್ಲ.

ಇಲ್ಲೇ ಬಕೆಟಿನ ಆಟವನ್ನೂ ಆಡಿಸಿ. ಆಚಾರಿಯ ಕೊಟ್ಟಿಗೆಯಿಂದ ತಂದ ತೇಗ, ಬೀಟೆ, ಹಲಸು, ಸಿಲ್ವರ್ ಓಕ್, ಬಿದಿರಿನ ಒಂದೇ ಅಳತೆಯ ತುಂಡುಗಳನ್ನು ನೀರಿಗೆ ಹಾಕಿ, ಯಾವುದು ಎಷ್ಟು ಮುಳುಗಿ ನಿಲ್ಲುತ್ತದೆ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆಸಿ. ಬೀಟೆ ಹೆಚ್ಚುಕಡಿಮೆ ಕುತ್ತಿಗೆಯವರೆಗೆ ಮುಳುಗುತ್ತದೆ. ಒಣಗಿದ ತೇಗ ಆರಾಮಾಗಿ ತೇಲುತ್ತದೆ. ಆದರೆ ಆಗಷ್ಟೇ ಕಡಿದ ಹಸಿ ತೇಗ ಕಲ್ಲಿನಂತೆ ಮುಳುಗುತ್ತದೆ. ಅದಕ್ಕೇ ಹಿಂದಿನವರು ಮರವನ್ನು ತಕ್ಷಣ ಕಡಿಯುತ್ತಿರಲಿಲ್ಲ. ಬುಡದ ಸುತ್ತ ಬಳೆಯಂತೆ ತೊಗಟೆ, ಅದರ ಒಳಗಿನ ಎಳೆಮರ ಎರಡನ್ನೂ ಕೆತ್ತಿ ಬಿಟ್ಟುಬಿಡುತ್ತಿದ್ದರು. ಮರ ನಿಂತಲ್ಲೇ ಸತ್ತು ಎರಡು ಮೂರು ವರ್ಷ ಒಣಗಿದ ಮೇಲೆ ಕಡಿದು, ಮಳೆಗಾಲದ ಹೊಳೆಯಲ್ಲಿ ತೆಪ್ಪ ಕಟ್ಟಿ ತೇಲಿಬಿಡುತ್ತಿದ್ದರು. ಈ ಮಾತು ಕೇಳಿದಾಗ ನಮ್ಮ ಗುಂಪಿನ ಚಿಕ್ಕವಳೊಬ್ಬಳು ಮರವನ್ನು ತಬ್ಬಿ ನಿಂತುಬಿಟ್ಟಳು. ಆ ಹೊತ್ತು ನಾನು ಏನೂ ಹೇಳಲಿಲ್ಲ.

ಎರಡನೆಯ ನಿಲ್ದಾಣ ಹೆಬ್ಬಲಸು. ಒಗಟು: ‘ಹಲಸಿನ ತಮ್ಮ, ಹಣ್ಣು ಮುಳ್ಳುಮುಳ್ಳಿನ ಚೆಂಡು, ಅಣ್ಣ ಅಂಗಳದಲ್ಲಿ, ತಮ್ಮ ಕಡಲಲ್ಲಿ.’ ಕೇರಳದವರು ಆಞಿಲಿ ಎನ್ನುವ ಮರ ಇದು. ಮಲಬಾರ್ ಕರಾವಳಿಯ ದೋಣಿಗಳಿಗೆ ಇದಕ್ಕಿಂತ ಅಚ್ಚುಮೆಚ್ಚಿನ ಮರ ಕಡಿಮೆ. ನಮ್ಮ ತೋಟಗಳಲ್ಲಿ ಕಾಫಿಯ ನೆರಳಿಗೂ ಇದೆ. ಹತ್ತಿರ ಐನ್‌ಮನೆ (ಕೊಡವ ಮನೆತನದ ಮೂಲಮನೆ) ಇದ್ದರೆ ಆ ಒಕ್ಕದವರ, ಅಂದರೆ ಮನೆತನದವರ, ಅನುಮತಿ ಕೇಳಿ ಈ ನಿಲ್ದಾಣವನ್ನು ಅಲ್ಲಿಗೆ ಸೇರಿಸಿ. ಜಗಲಿಯ ಕಂಬಗಳ ನಡುವೆ ಹಾಸಿರುವ ಐಮರದ ಅಗಲವನ್ನು ಮಕ್ಕಳು ಗೇಣಿನಲ್ಲಿ ಅಳೆಯಲಿ. ಅಷ್ಟು ಅಗಲದ ಒಂಟಿ ಹಲಗೆ ಸಿಗಬೇಕಾದರೆ ಮರ ಎಷ್ಟು ದಪ್ಪವಿರಬೇಕು ಎಂದು ಲೆಕ್ಕ ಹಾಕಿಸಿ. ಅಂಗಳದಲ್ಲಿ ಚಪ್ಪಲಿ ಬಿಡುವುದು, ನಡುಮನೆಯ ನೆಲ್ಲಕ್ಕಿ ಬೊಳಚದ (ಹಿರಿಯರ ಹೆಸರಿನ ದೀಪದ) ಕಡೆ ಗಲಾಟೆ ಮಾಡದಿರುವುದು ಮೊದಲೇ ಹೇಳಿಕೊಡಿ. ಇಲ್ಲಿ ಕೂರುವ ಹಲಗೆಗಳು ಸಿಗಲಿ.

ಮೂರನೆಯದು ಈ ಆಟದ ಹೃದಯ. ಹಳೆಯ ಕೊಡಗಿನವರು ಕಾಡನ್ನು ಎರಡು ಬಗೆಯಾಗಿ ಕಾಣುತ್ತಿದ್ದರು: ಪಡುವಣ ಘಟ್ಟದ ನಿತ್ಯಹಸಿರಿನ ಮಲೆಕಾಡು, ಮೂಡಣದ ತೇಗ, ಮತ್ತಿ, ಹೊನ್ನೆ, ನಂದಿಗಳ ಕಣಿವೆಕಾಡು. ಮಲೆಕಾಡಿನಲ್ಲಿ ಕಂಬದಂತೆ ನೆಟ್ಟಗೆ ಏರುವ ಒಂದು ಮರವಿದೆ. ಕರಾವಳಿಯ ಸುರಹೊನ್ನೆಯ ಕಾಡುಬಂಧು. ಮಲಯಾಳಿಗಳ ‘ಪುನ್ನ’ವನ್ನು ಇಂಗ್ಲಿಷರು ‘ಪೂನ್’ ಮಾಡಿಕೊಂಡರು, ಹಡಗಿನ ಕೂವೆಮರಕ್ಕೆ ಹೇಳಿಮಾಡಿಸಿದಂತಿದ್ದ ಅದನ್ನು ‘ಪೂನ್‌ಸ್ಪಾರ್’ ಎಂದು ಕರೆದರು. ಬ್ರಿಟಿಷರ ಕಾಲದ ಗೆಜೆಟಿಯರುಗಳು ಕೊಡಗಿನ ಮರಗಳನ್ನು ಹೇಳುವಾಗ ಪೂನ್‌ಸ್ಪಾರನ್ನು ಮುಖ್ಯ ಮರಗಳ ಸಾಲಿನಲ್ಲೇ ಎಣಿಸುತ್ತವೆ. ನೆಟ್ಟಗೆ, ಉದ್ದಕ್ಕೆ, ಗಂಟಿಲ್ಲದೆ, ಹಗುರವಾಗಿ, ಬಾಗಿದರೂ ಮುರಿಯದೆ ಇರಬೇಕು ಹಡಗಿನ ಕಂಬ. ತೇಗಕ್ಕಿಂತ ಇದು ಹಗುರ. ಹೆಸರಿನಲ್ಲಿ ‘ಹೊನ್ನೆ’ ಇದ್ದರೂ, ಕೆತ್ತಿದರೆ ಕೆಂಪು ರಸ ಸುರಿಸುವ ಹೊನ್ನೆಗೂ ಇದಕ್ಕೂ ನೆಂಟಸ್ತನವಿಲ್ಲ. ದೊಡ್ಡವರೂ ಇಲ್ಲಿ ಎಡವುತ್ತಾರೆ.

ಗುರುತು ಹಿಡಿಯುವುದು ಹೇಗೆ? ತೊಗಟೆ ನೋಡಿ. ಅದರ ಮೇಲಿನ ಹಳದಿ ಬಣ್ಣದ ಸೀಳುಗಳು ಎರಡು ತುದಿ ಚೂಪು, ನಡು ಅಗಲವಾಗಿ ಥೇಟು ದೋಣಿಯ ಆಕಾರದಲ್ಲಿರುತ್ತವೆ. ಎಲೆಯನ್ನು ಬೆಳಕಿಗೆ ಹಿಡಿದರೆ ಪಕ್ಕದ ನರಗಳು ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ, ಸಮಾನಾಂತರವಾಗಿ ಕಾಣುತ್ತವೆ. ಅದಕ್ಕೇ ನನ್ನ ಒಗಟು: ‘ಮೈಯ ತುಂಬ ದೋಣಿ, ಎಲೆಯ ತುಂಬ ಬಾಚಣಿಗೆ, ಕಾಡಿನಲ್ಲಿ ಗಾಳಿ ಸೀಳಿದೆ, ಕಡಲಿನಲ್ಲಿ ಗಾಳಿ ಹಿಡಿದೆ.’ ಕೊನೆಯ ಸಾಲು ಬಿಡಿಸಲು ಅವರಿಗೆ ಕಾಲು ಗಂಟೆ ಹಿಡಿಯಿತು. ಹಾಯಿ ಎಂದು ಒಬ್ಬ ಕೂಗಿದಾಗ ಉಳಿದವರು ಕುಣಿದರು.

ಈ ಮರ ಎಲ್ಲಿ ಸಿಗುತ್ತದೆ? ಮೀಸಲು ಅರಣ್ಯದೊಳಗೆ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಅರಣ್ಯ ಇಲಾಖೆಯ ಅನುಮತಿ ಬೇಕು, ಕಾಡಾನೆಯ ಭಯ ಬೇರೆ. ಪಶ್ಚಿಮದ ಕಡೆಯ ಊರಾದರೆ ದೇವರಕಾಡಿನ ಅಂಚು ನೋಡಿ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಎಷ್ಟೋ ದೊಡ್ಡ ಮರಗಳು ಉಳಿದಿರುವುದು ಅಲ್ಲೇ. ಊರಿನ ತಕ್ಕರನ್ನು (ಊರ ಮುಖ್ಯಸ್ಥರನ್ನು) ಕೇಳದೆ ಹೋಗಬೇಡಿ. ಒಳಗೆ ಕಾಲಿಡದೆ ಹೊರಗಿನಿಂದಲೇ ನೋಡಿ, ಒಂದು ತರಗೆಲೆಯನ್ನೂ ತರಬೇಡಿ. ಚೀಟಿಯನ್ನೂ ಅಲ್ಲಿ ಕಟ್ಟಬೇಡಿ, ದಾರಿಯ ಈಚೆಗೆ ನೀವೇ ಹಿಡಿದು ನಿಲ್ಲಿ. ಕುಶಾಲನಗರ, ಸೋಮವಾರಪೇಟೆಯ ಮೂಡಣ ಭಾಗದವರಿಗೆ ಮರ ಸಿಗದಿದ್ದರೆ, ಕರಾವಳಿಯ ನೆಂಟರಿಂದ ಸುರಹೊನ್ನೆಯ ಎಲೆ ತರಿಸಿಕೊಂಡರೂ ಬಾಚಣಿಗೆಯ ಗುರುತು ತೋರಿಸಬಹುದು. ಮರದ ಬಗ್ಗೆ ಅನುಮಾನವಿದ್ದರೆ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ವಿದ್ಯಾರ್ಥಿಗಳು ಯಾರಾದರೂ ಪರಿಚಯವಿದ್ದರೆ ಕೇಳಿ. ಇಲ್ಲಿ ಕೂವೆಮರ ಕೊಡಿ.

ನಾಲ್ಕನೆಯದು ಧೂಪದ ಮರ. ‘ನನ್ನ ಕಣ್ಣೀರು ದೇವರ ಮುಂದೆ ಹೊಗೆ, ದೋಣಿಯೊಳಗೆ ಬೆಸುಗೆ.’ ಧೂಪದ ಅಂಟನ್ನು ಎಣ್ಣೆಯಲ್ಲಿ ಕಾಯಿಸಿ, ಹತ್ತಿಯ ಎಳೆಯೊಂದಿಗೆ ಹಲಗೆಗಳ ಸಂದಿಗೆ ಗಿಡಿಯುತ್ತಿದ್ದರು. ನೀರು ಒಳಗೆ ಬರುತ್ತಿರಲಿಲ್ಲ. ಮಕ್ಕಳ ಕೈಗೆ ಕಾದ ಅಂಟು ಬೇಡ. ಜೇನುಮೇಣದ ಉಂಡೆ, ಸ್ವಲ್ಪ ಹತ್ತಿ ಕೊಡಿ. ದೋಣಿಯ ತಳದ ತೂತು ನೆನಪಿದೆಯಲ್ಲ? ಅದನ್ನು ಮುಚ್ಚುವ ಕೆಲಸ ಇವರದು. ಮೇಣವನ್ನು ಅಂಗೈಯಲ್ಲಿ ಬಿಸಿಮಾಡಿ, ಹತ್ತಿ ಸೇರಿಸಿ, ಒಳಗಿನಿಂದಲೂ ಹೊರಗಿನಿಂದಲೂ ಒತ್ತಬೇಕು. ಒಂದೇ ಕಡೆಯಿಂದ ಒತ್ತಿದ ತಂಡದ ದೋಣಿ ನಮ್ಮ ಕೆರೆಯಲ್ಲಿ ಎರಡೇ ನಿಮಿಷದಲ್ಲಿ ವಾಲಿತು.

ಹೊಳೆಯ ಕಡೆಗೆ

ಉಳಿದ ಎರಡು ನಿಲ್ದಾಣಕ್ಕೆ ವಾಹನ ಬೇಕು. ಸಾಧ್ಯವಾದರೆ ದಿನವನ್ನು ದುಬಾರೆಯಿಂದಲೇ ಶುರುಮಾಡಿ. ಬೆಳಗಿನ ಹೊತ್ತು ಆನೆಗಳು ಕಾವೇರಿಯಲ್ಲಿ ಮೀಯುವುದು ಸಿಗುತ್ತದೆ. ದುಬಾರೆ, ಮತ್ತಿಗೋಡಿನಂಥ ಶಿಬಿರಗಳ ಆನೆಗಳು ಈಗ ದಸರೆಗೆ, ಪುಂಡಾನೆ ಹಿಡಿಯಲು ಹೋಗುತ್ತವೆ. ಹಿಂದೆ ಅವುಗಳ ಮುಖ್ಯ ದುಡಿಮೆ ನಾಟಾ ಎಳೆಯುವುದು. ಲಾರಿ ಹೋಗದ ಇಳಿಜಾರಿನಿಂದ ದಿಮ್ಮಿಯನ್ನು ಸರಪಳಿ ಕಟ್ಟಿ ಎಳೆದು ತರುತ್ತಿದ್ದವು. ಮಾವುತರಲ್ಲಿ ಬಹಳ ಮಂದಿ ಜೇನುಕುರುಬರು. ಬಿಡುವಿದ್ದ ಹಿರಿಯ ಮಾವುತರೊಬ್ಬರನ್ನು ಕಂಡರೆ ‘ಅಣ್ಣ, ಆನೆಗೆ ದಿಮ್ಮಿ ಎತ್ತು ಎನ್ನಲು ಏನು ಹೇಳುತ್ತಿದ್ದರು?’ ಎಂದು ಮಕ್ಕಳೇ ಕೇಳಲಿ. ಕೇಳಿದ ಉತ್ತರವನ್ನು ಚೀಟಿಯಲ್ಲಿ ಬರೆದುಕೊಂಡು ಬಂದ ತಂಡಕ್ಕೆ ತೆಂಗಿನ ಹುರಿ, ಚುಕ್ಕಾಣಿ. ಆನೆಯ ಒಗಟನ್ನು ನಿಮ್ಮ ಮನೆಯ ಅಜ್ಜಿಯೇ ಹೇಳಿಯಾರು, ಅದಕ್ಕೆ ನನ್ನದು ಬೇಡ.

ಕಾವೇರಿ ನಿಸರ್ಗಧಾಮ ಕುಶಾಲನಗರದ ಪಕ್ಕದಲ್ಲೇ. ತೂಗುಸೇತುವೆ ದಾಟಿದರೆ ದ್ವೀಪದ ತುಂಬ ಬಿದಿರು ಮೆಳೆ. ಇಲ್ಲಿನ ಒಗಟು ಹರಿಗೋಲಿನದು: ‘ಮುಂದಿಲ್ಲ ಹಿಂದಿಲ್ಲ, ಮೂಲೆಯಂತೂ ಇಲ್ಲವೇ ಇಲ್ಲ, ಬುಟ್ಟಿಯೊಳಗೆ ನಾವು ಕೂತೆವು, ಬುಟ್ಟಿಯನ್ನು ಹೊತ್ತವಳು ಕಾವೇರಿ.’ ಸೀಳು ಬಿದಿರನ್ನು ಬುಟ್ಟಿಯಂತೆ ಹೆಣೆದು, ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಟಾರ್ಪಾಲು ಹೊದಿಸಿ ಡಾಂಬರು ಬಳಿಯುತ್ತಾರೆ. ಮೊಳೆಯಿಲ್ಲ, ಅಡಿಮರವಿಲ್ಲ. ಕಲ್ಲು ತುಂಬಿದ ಹೊಳೆಯಲ್ಲಿ ಚೂಪುಮೂತಿಯ ದೋಣಿ ಒಡೆಯುತ್ತದೆ, ದುಂಡನೆಯ ಹರಿಗೋಲು ಬಂಡೆಗೆ ತಾಗಿ ತಿರುಗಿಕೊಂಡು ಹೋಗುತ್ತದೆ. ಇದೇ ನಮ್ಮ ಹೊಳೆ ಕಲಿಸಿದ ಹಡಗು ವಿದ್ಯೆ ಎಂದು ನನಗೆ ಅನ್ನಿಸುತ್ತದೆ. ಸೇತುವೆಗಳಿಲ್ಲದ ಕಾಲದಲ್ಲಿ ಮಳೆಗಾಲ ದಾಟಿದವರು ಮನೆಯಲ್ಲಿದ್ದರೆ, ಹಿಂದಿನ ರಾತ್ರಿಯೇ ತಾತನ ಬಾಯಲ್ಲಿ ಆ ಕತೆ ಹೇಳಿಸಿ. ಹಾಯಿಯ ಬಟ್ಟೆ ಮತ್ತು ಅಡ್ಡಗೋಲು ಇಲ್ಲಿ ಕೊಡಿ.

ಎರಡೂ ಕಡೆ ಟಿಕೆಟ್ ಇದೆ. ಹೊಳೆ ತುಂಬಿದಾಗ ದೋಣಿ ನಿಲ್ಲಿಸುತ್ತಾರೆ. ಹಿಂದಿನ ದಿನ ವಿಚಾರಿಸಿಕೊಂಡೇ ಹೊರಡಿ. ಡಿಸೆಂಬರಿನಿಂದ ಮಾರ್ಚಿನೊಳಗೆ ಒಳ್ಳೆಯದು. ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಆಟವೇ ಬೇಡ, ಮಳೆಯ ಜೊತೆ ಜಿಗಣೆ, ಜೊತೆಗೆ ಕಾವೇರಿಯ ಸೆಳವು. ಯಾವ ಕಾಲದಲ್ಲೂ ಮಕ್ಕಳು ಹೊಳೆಗೆ ಇಳಿಯಬಾರದು. ದೋಣಿಯಲ್ಲಿ ಲೈಫ್ ಜಾಕೆಟ್ ಇಲ್ಲದೆ ಹತ್ತಿಸಬೇಡಿ. ಮೂರು ಮಕ್ಕಳಿಗೆ ಒಬ್ಬ ದೊಡ್ಡವರು ಇರಲೇಬೇಕು.

ಮಳೆ ನೀರಿನ ದಾರಿ

ಮಧ್ಯಾಹ್ನ ಊಟವಾದ ಮೇಲೆ ಒಂದು ನಕ್ಷೆ ಬಿಡಿಸಿ. ಕೊಡಗಿನ ಪೂರ್ವಕ್ಕೆ ಬಿದ್ದ ಹನಿ ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ. ಪಶ್ಚಿಮಕ್ಕೆ ಬಿದ್ದ ಹನಿ ಸಂಪಾಜೆಯ ಕಡೆ ಪಯಸ್ವಿನಿಯಾಗಿ ಚಂದ್ರಗಿರಿ ಹೊಳೆಗೆ, ಮಾಕುಟ್ಟದ ಕಡೆ ಬಾರಾಪೊಳೆಯಾಗಿ ವಳಪಟ್ಟಣಂ ಹೊಳೆಗೆ, ಅಲ್ಲಿಂದ ಅರಬ್ಬೀ ಸಮುದ್ರಕ್ಕೆ. ಮಕ್ಕಳು ಬೆರಳಿಟ್ಟು ಹೊಳೆಯ ದಾರಿ ಹಿಡಿದು ಕಡಲು ಮುಟ್ಟಲಿ. ಮುಟ್ಟಿದ ಕಡೆ ಯಾವ ಬಂದರಿದೆ ಎಂದು ಓದಲಿ. ವಳಪಟ್ಟಣಂ ಇವತ್ತಿಗೂ ಮರದ ವ್ಯಾಪಾರಕ್ಕೆ ಹೆಸರಾದ ಊರು. ಕೇರಳದ ಬೇಪೂರಿನಲ್ಲಿ ಇಂದಿಗೂ ಕೈಯಲ್ಲೇ ‘ಉರು’ ಎಂಬ ಮರದ ಹಡಗು ಕಟ್ಟುತ್ತಾರೆ. ಅದನ್ನೂ ನಕ್ಷೆಯಲ್ಲಿ ಗುರುತು ಹಾಕಿಸಿ. ಮುಂದಿನ ರಜೆಗೆ ಎಲ್ಲಿಗೆ ಹೋಗಬೇಕೆಂದು ನೀವು ಹೇಳಬೇಕಾಗಿಲ್ಲ.

ಊಟದ ಮಂಪರು ಓಡಿಸಲು ಇನ್ನೊಂದು ಉಪಾಯ. ಟ್ರಿಂಕೋಮಲೀಯ ಫಿರಂಗಿ ಅಟ್ಟದ ಉದ್ದ ಸುಮಾರು 150 ಅಡಿ, ಅಗಲ ಸುಮಾರು 40 ಅಡಿ. ಕಾಫಿ ಒಣಗಿಸುವ ಕಣದಲ್ಲೋ ಶಾಲೆಯ ಮೈದಾನದಲ್ಲೋ ಸುಣ್ಣದಲ್ಲಿ ಅಷ್ಟಳತೆಯ ಗೆರೆ ಎಳೆಸಿ. ಎಲ್ಲರೂ ಒಳಗೆ ನಿಲ್ಲಲಿ. ನಮ್ಮ ಕಣ ಸಾಲಲಿಲ್ಲ. ಹಡಗಿನ ಮೂತಿ ಕಾಫಿ ಗಿಡಗಳ ನಡುವೆ ನುಗ್ಗಿತು.

ತೇಲಿಸುವುದು

ಸಂಜೆ ನಾಲ್ಕರ ಹೊತ್ತಿಗೆ ತೋಟದ ಕೆರೆಯ ಬಳಿ ಸೇರಿ. ದಡ ಇಳಿಜಾರಿಲ್ಲದ, ಮೆಟ್ಟಿಲಿರುವ ಕಡೆ ಆರಿಸಿಕೊಳ್ಳಿ. ಅಂಥ ಜಾಗವಿಲ್ಲದಿದ್ದರೆ ಅಂಗಳದ ದೊಡ್ಡ ತೊಟ್ಟಿಯೇ ಕ್ಷೇಮ. ಮೊದಲು ಹಲಗೆ ಕೂರಿಸಿ, ಆಮೇಲೆ ಕೂವೆಮರ, ಆಮೇಲೆ ಅಡ್ಡಗೋಲಿಗೆ ಹಾಯಿ ಕಟ್ಟಿ, ಚುಕ್ಕಾಣಿಯನ್ನು ಕೊನೆಗೆ. ಕಂಬ ವಾಲುತ್ತಿದ್ದರೆ ಒಡಲಿನ ತಳಕ್ಕೆ ನಾಲ್ಕು ಬೆಣಚುಕಲ್ಲು ಹಾಕಿ. ನಿಜವಾದ ಹಡಗಿನಲ್ಲೂ ತಳಕ್ಕೆ ಭಾರ ತುಂಬುತ್ತಿದ್ದರು. ತೆಂಗಿನ ಹುರಿಯ ಒಂದು ತುದಿಯನ್ನು ದೋಣಿಯ ಮೂತಿಗೆ, ಇನ್ನೊಂದನ್ನು ದಡದ ಮರಕ್ಕೆ ಕಟ್ಟಿ. ಗಾಳಿ ಎತ್ತಿಕೊಂಡು ಹೋದರೆ ಕೆರೆಯ ನಡುವಿಗೆ ಇಳಿದು ತರಲು ಯಾರೂ ಹೋಗಬಾರದು.

ನಮ್ಮ ಮೂರು ದೋಣಿಗಳಲ್ಲಿ ಒಂದು ವಾಲಿತು ಎಂದೆನಲ್ಲ, ಆ ತಂಡದವರು ಅದನ್ನು ಎಳೆದು ತಂದು, ಒರೆಸಿ, ಉಳಿದ ಮೇಣವನ್ನೆಲ್ಲ ತೂತಿಗೆ ಎರಡೂ ಕಡೆಯಿಂದ ಒತ್ತಿ ಮತ್ತೆ ಬಿಟ್ಟರು. ಕತ್ತಲಾಗುವವರೆಗೆ ಅದು ಹುರಿಯ ತುದಿಯಲ್ಲಿ ತೇಲುತ್ತಿತ್ತು.